ಐದರೊಳಗಿನ ಮಕ್ಕಳ ಬಡತನ ಅಳೆಯೋಕೆ ಯಾವ ಲೆಕ್ಕ ಸರಿ? ಹಾಸನ, ಚಿಕ್ಕಮಗಳೂರಿನವರು ಹೇಳಿ

ಹೇಮಾವತಿ_ದಂಡೆ:
ಎಲ್ಲರಿಗೂ ನಮಸ್ಕಾರ. ಐದು ವರ್ಷದೊಳಗಿನ ಮಕ್ಕಳ ಬಡತನದ ಬಗ್ಗೆ ರಾಜ್ಯಮಟ್ಟದ ಟಿಪ್ಪಣಿಯೊಂದು ತಯಾರಾಗ್ತಿದೆ. ಹಾಸನಕ್ಕೊಂದು, ಚಿಕ್ಕಮಗಳೂರಿಗೊಂದು ಸಾಲು ಅದರಲ್ಲಿ ಇರಬೇಕು. ಆದ್ರೆ ಸಿಗೋ ಅಂಕಿಗಳು ಒಂದಕ್ಕೊಂದು ತಾಳೆ ಆಗ್ತಿಲ್ಲ. ತೆಂಡೂಲ್ಕರ್ ಸಮಿತಿಯ ಬಡತನ ರೇಖೆ ಪ್ರಕಾರ 2011-12ರಲ್ಲಿ ಕರ್ನಾಟಕದ ಬಡತನ 20.9%. ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕ 7.58% ಅನ್ನುತ್ತೆ. ಆ ಸೂಚ್ಯಂಕಕ್ಕೆ ಆಧಾರವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದ್ರೆ ಎನ್‌ಎಫ್‌ಎಚ್‌ಎಸ್-5ರಲ್ಲೇ ರಾಜ್ಯದ ಐದರೊಳಗಿನ ಮಕ್ಕಳಲ್ಲಿ 35.4% ಕುಂಠಿತ (ವಯಸ್ಸಿಗೆ ತಕ್ಕ ಎತ್ತರ ಇಲ್ಲ), 32.9% ಕಡಿಮೆ ತೂಕ. ಬಿಪಿಎಲ್ ಕಾರ್ಡ್ ಲೆಕ್ಕ ಹಿಡಿದ್ರೆ ಊರಿಗೆ ಊರೇ ಬಡವರು. ಇದರಲ್ಲಿ ಯಾವುದನ್ನ ಮಕ್ಕಳ ಬಡತನ ಅಂತ ಬರೆಯೋದು? ಜಿಲ್ಲಾವಾರು ಕೊಡೋಕೆ ಆಗುತ್ತಾ?

ಬೇಲೂರು_ಬಸ್‌ಸ್ಟ್ಯಾಂಡ್:
7.58 ಬರೀರಿ, ಸಾಹೇಬ್ರು ಖುಷಿಯಾಗ್ತಾರೆ.

ಅಂಕಿ_ಅರಸೀಕೆರೆ:
ಮೊದಲು ಬಿಪಿಎಲ್ ಪಕ್ಕಕ್ಕಿಡಿ. ಅದು ಅರ್ಹತೆಯ ಪಟ್ಟಿ, ಅಳತೆ ಅಲ್ಲ. ವರ್ಷಕ್ಕೆ 1.20 ಲಕ್ಷದ ಆದಾಯ ಮಿತಿ ಅಂತ ಕಾಗದದ ಮೇಲಿದೆ. ಆದಾಯ ಪ್ರಮಾಣಪತ್ರ ಹೇಗೆ ಸಿಗುತ್ತೆ ಅಂತ ನಾಡಕಚೇರಿ ಮುಂದೆ ನಿಂತವರಿಗೆಲ್ಲ ಗೊತ್ತು. ಇನ್ನೊಂದು ಕಡೆ, ನಿಜವಾಗಿ ಬಡವರಾದ ವಲಸೆ ಕೂಲಿಯವರ ಕಾರ್ಡ್ ಅವರ ಊರಲ್ಲೇ ಇರುತ್ತೆ. ಎಳೆ ಮಕ್ಕಳ ವಿಷಯದಲ್ಲಂತೂ ಹೆಸರು ಸೇರ್ಪಡೆಯೇ ತಡ. ಆಧಾರ್ ಆಗಬೇಕು, ಪೋರ್ಟಲ್ ತೆರೀಬೇಕು, ಅಷ್ಟರಲ್ಲಿ ಮಗುವಿಗೆ ಎರಡು ವರ್ಷ. ಅಂದ್ರೆ ಯಾವ ವಯಸ್ಸಿನ ಲೆಕ್ಕ ನಿಮಗೆ ಬೇಕೋ ಆ ವಯಸ್ಸೇ ಆ ಪಟ್ಟಿಯಲ್ಲಿ ಕಡಿಮೆ.

ಇನ್ನು 20.9%. ಅದು ಖರ್ಚಿನ ರೇಖೆ. ಕರ್ನಾಟಕಕ್ಕೆ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 902 ರೂಪಾಯಿ, ಪಟ್ಟಣದಲ್ಲಿ 1,089. ಅದಾದ ಮೇಲೆ ರಂಗರಾಜನ್ ಸಮಿತಿ 2014ರಲ್ಲಿ ವರದಿ ಕೊಟ್ರೂ ಸರ್ಕಾರ ಅದನ್ನ ಅಧಿಕೃತ ರೇಖೆ ಮಾಡಲಿಲ್ಲ. ಆಮೇಲೆ ಬಂದ 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ಕರ್ನಾಟಕದ ಹಳ್ಳಿಗಳ ತಲಾ ಮಾಸಿಕ ಖರ್ಚು 4,397, ಪಟ್ಟಣಗಳದ್ದು 7,666. ಆದ್ರೆ ಪ್ರಶ್ನೆ ಕೇಳೋ ವಿಧಾನವೇ ಬದಲಾಗಿದೆ. ಒಂದೇ ಸಲ ಹೋಗಿ ಎಲ್ಲ ಕೇಳೋ ಬದಲು ಮೂರು ಭೇಟಿ. ಹಳೆ ರೇಖೆಯನ್ನ ಬೆಲೆ ಏರಿಕೆಯಿಂದ ಗುಣಿಸಿ ಹೊಸ ಸಮೀಕ್ಷೆ ಮೇಲೆ ಎಳೆದು, ಬಡತನ ಇಷ್ಟು ಇಳೀತು ಅಂದ್ರೆ ಅದರಲ್ಲಿ ಎಷ್ಟು ನಿಜವಾದ ಇಳಿಕೆ, ಎಷ್ಟು ವಿಧಾನದ ಪ್ರಭಾವ ಅಂತ ಬೇರ್ಪಡಿಸೋಕೆ ಬರಲ್ಲ.

ಸಿಆರ್‌ಪಟ್ಣ_ತೆಂಗು:
ಖರ್ಚಿನ ಲೆಕ್ಕಕ್ಕೆ ಇನ್ನೊಂದು ಕಾಯಿಲೆ ಇದೆ. "ತಲಾ" ಅಂದಾಗ ಆರು ತಿಂಗಳ ಕೂಸೂ ಒಂದು ತಲೆ, ದುಡಿಯೋ ಅಪ್ಪನೂ ಒಂದು ತಲೆ. ಈ ಎರಡು ಮನೆ ನೋಡಿ:

ಮನೆ ಒಂದು: ಗಂಡ, ಹೆಂಡತಿ, ಮೂರು ಚಿಕ್ಕ ಮಕ್ಕಳು. ಖರ್ಚು 15,000. ತಲೆಗೆ 3,000.
ಮನೆ ಎರಡು: ವಯಸ್ಸಾದ ದಂಪತಿ. ಖರ್ಚು 7,000. ತಲೆಗೆ 3,500.

ತಲಾ ಲೆಕ್ಕದಲ್ಲಿ ಮಕ್ಕಳ ಮನೆ ಹೆಚ್ಚು ಬಡ. ಈಗ ಓಇಸಿಡಿ ದೇಶಗಳು ಬಳಸೋ ಪರಿಷ್ಕೃತ ಮಾನ ಹಾಕಿ. ಮೊದಲ ದೊಡ್ಡವರಿಗೆ 1, ಎರಡನೆಯವರಿಗೆ 0.5, ಮಗುವಿಗೆ 0.3. ಮನೆ ಒಂದಕ್ಕೆ ಒಟ್ಟು 2.4 ಬರುತ್ತೆ, ಅಂದ್ರೆ ಮಾನಕ್ಕೆ 6,250. ಮನೆ ಎರಡಕ್ಕೆ 1.5, ಅಂದ್ರೆ 4,667. ಸಾಲು ತಿರುಗಿ ಹೋಯ್ತು. ಮನೆಯಲ್ಲಿ ಒಂದು ಪೈಸೆ ಬದಲಾಗಿಲ್ಲ, ಭಾಗಿಸೋ ಸಂಖ್ಯೆ ಬದಲಾಯ್ತು ಅಷ್ಟೆ. ಚಿಕ್ಕ ಮಕ್ಕಳ ಬಡತನ ಹೇಳುವಾಗ ಯಾವ ಮಾನ ಬಳಸಿದೀವಿ ಅಂತ ಬರೀದೇ ಇದ್ರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ರೋಬಸ್ಟಾ:
ಎಂತ ಮಾರಾಯ್ರೆ, 0.3 ಅಂದ್ರೆ ಮಗುವಿಗೆ ಖರ್ಚೇ ಇಲ್ಲ ಅಂತಲಾ? ಒಂದು ಜ್ವರ ಬಂದ್ರೆ ಮೂಡಿಗೆರೆಯಿಂದ ಹಾಸನಕ್ಕೆ ಗಾಡಿ ಬಾಡಿಗೆ ಎಷ್ಟಾಗುತ್ತೆ ಗೊತ್ತುಂಟಾ?

ಸಿಆರ್‌ಪಟ್ಣ_ತೆಂಗು:
ಅದಕ್ಕೇ ಹೇಳಿದ್ದು. 0.3 ಶ್ರೀಮಂತ ದೇಶಗಳ ಮಾನ. ಅಲ್ಲಿ ಮನೆ ಬಾಡಿಗೆ, ಕಾರು, ಹೀಟರ್ ಇಂಥ ಹಂಚಿಕೊಳ್ಳೋ ಖರ್ಚೇ ಜಾಸ್ತಿ. ನಮ್ಮಲ್ಲಿ ಬಡ ಮನೆಯ ಖರ್ಚಿನ ದೊಡ್ಡ ಪಾಲು ಊಟ, ಊಟ ಹಂಚಿದಷ್ಟೂ ಕರಗುತ್ತೆ. ಹಾಗಾಗಿ ಅದನ್ನ ಯಥಾವತ್ತು ತರೋದೂ ತಪ್ಪು. ತಲಾ ಲೆಕ್ಕ ಒಂದು, ಪರಿಷ್ಕೃತ ಒಂದು, ಎರಡೂ ಹಾಕಿ ನೋಡಿ. ಎರಡರಲ್ಲೂ ಬಡವಾಗೇ ಕಾಣೋ ಮನೆಗಳ ಬಗ್ಗೆ ಧೈರ್ಯವಾಗಿ ಮಾತಾಡಬಹುದು.

ಸೂಜಿಮಲ್ಲಿಗೆ:
ಒಂದು ಮೂಲ ವಿಷಯ ಬಿಟ್ಟುಹೋಗ್ತಿದೆ. ಬಡ ಮನೆಗಳ ಪ್ರಮಾಣ ಬೇರೆ, ಬಡ ಮನೆಯಲ್ಲಿರೋ ಮಕ್ಕಳ ಪ್ರಮಾಣ ಬೇರೆ. ಊರಲ್ಲಿ 100 ಮನೆ, 20 ಬಡವು ಅಂತಿಟ್ಕೊಳ್ಳಿ. ಆ 20 ಮನೆಯಲ್ಲಿ ಐದರೊಳಗಿನವರು 20, ಉಳಿದ 80 ಮನೆಯಲ್ಲಿ 40. ಮನೆ ಲೆಕ್ಕದಲ್ಲಿ ಬಡತನ 20%, ಮಕ್ಕಳ ಲೆಕ್ಕದಲ್ಲಿ 33%. ಪತ್ರಿಕೆಗಳಲ್ಲಿ ಬರೋ ಬಹುಪಾಲು ಸಂಖ್ಯೆ ಒಟ್ಟು ಜನಸಂಖ್ಯೆಯದ್ದು. ಅದನ್ನೇ ಮಕ್ಕಳಿಗೆ ಅಂಟಿಸಿದ್ರೆ ಸಾಮಾನ್ಯವಾಗಿ ಕಡಿಮೆಯೇ ತೋರ್ಸುತ್ತೆ.

ಅಂಕಿ_ಅರಸೀಕೆರೆ:
ಸರಿ. 7.58 ಕೂಡ ಒಟ್ಟು ಜನಸಂಖ್ಯೆಯದ್ದೇ, 2015-16ರ ಅಂಕಿಯಲ್ಲಿ ಅದು 12.77 ಇತ್ತು. ಅದು ಹೇಗೆ ಕಟ್ಟಿದ್ದು ಅಂತ ಬಿಡಿಸಿ ನೋಡಿದ್ರೆ ಮಗು ಎಲ್ಲಿ ಜಾರಿಹೋಗುತ್ತೆ ಅಂತ ಗೊತ್ತಾಗುತ್ತೆ. 12 ಸೂಚಕ. ಆರೋಗ್ಯದಲ್ಲಿ ಪೌಷ್ಟಿಕತೆ 1/6, ಮಕ್ಕಳ ಸಾವು 1/12, ತಾಯಿ ಆರೋಗ್ಯ 1/12. ಶಿಕ್ಷಣದಲ್ಲಿ ಓದಿದ ವರ್ಷ 1/6, ಶಾಲಾ ಹಾಜರಿ 1/6. ಜೀವನಮಟ್ಟದಲ್ಲಿ ಏಳು: ಅಡುಗೆ ಇಂಧನ, ಶೌಚಾಲಯ, ಕುಡಿಯೋ ನೀರು, ಕರೆಂಟು, ಮನೆ, ಆಸ್ತಿ, ಬ್ಯಾಂಕ್ ಖಾತೆ, ತಲಾ 1/21. ಕೊರತೆಗಳ ಮೊತ್ತ 1/3 ಮುಟ್ಟಿದ್ರೆ ಇಡೀ ಮನೆ ಬಡವು.

ಈಗ ಕಾಫಿ ತೋಟದ ಕೂಲಿಯವರ ಒಂದು ಲೈನ್ ಮನೆ ತಗೊಳ್ಳಿ. ಎರಡು ವರ್ಷದ ಮಗು ಕುಂಠಿತ: 1/6. ಸೌದೆ ಒಲೆ: 1/21. ನಾಲ್ಕು ಮನೆಗೆ ಸೇರಿ ಒಂದೇ ಶೌಚಾಲಯ: 1/21, ಹಂಚಿಕೊಂಡ ಶೌಚಾಲಯ ಕೊರತೆ ಅಂತಲೇ ಲೆಕ್ಕ. ನೀರು ತರೋಕೆ ಹೋಗಿ ಬರೋದು ಅರ್ಧ ಗಂಟೆ: 1/21. ತಾಯಿ ಏಳನೇ ಕ್ಲಾಸ್ ಪಾಸು, ಹಾಗಾಗಿ ಓದಿನ ಕೊರತೆ ಇಲ್ಲ. ಶಾಲೆ ವಯಸ್ಸಿನ ಮಕ್ಕಳೇ ಇಲ್ಲ, ಹಾಜರಿಯ ಕೊರತೆಯೂ ಇಲ್ಲ. ಟಿವಿ, ಮೊಬೈಲ್ ಎರಡೂ ಇದೆ, ಆಸ್ತಿ ಕೊರತೆ ಇಲ್ಲ. ಕೂಡಿ: 0.167 + 0.143 = 0.310. ಬಡವಲ್ಲ! ಈ ಮನೆಯವರ ಬ್ಯಾಂಕ್ ಖಾತೆ ಇಲ್ಲ ಅಂದಿದ್ರೆ 0.357 ಆಗಿ ಬಡವಾಗ್ತಿತ್ತು. ಅಂದ್ರೆ ಶೂನ್ಯ ಬ್ಯಾಲೆನ್ಸ್ ಖಾತೆ ತೆರೆದ ದಿನ ಮನೆ ಬಡತನದಿಂದ ಹೊರಗೆ ಬಂತು. ಮಗು ಒಂದು ಮಿಲಿಮೀಟರ್ ಉದ್ದ ಆಗಿಲ್ಲ.

ಕಡೂರು_ಕೊಬ್ಬರಿ:
ಇದನ್ನ ಟಿಪ್ಪಣಿಯಲ್ಲಿ ಹಾಗೇ ಹಾಕ್ರಿ. ಚೆನ್ನಾಗಿದೆ.

ಹೇಮಾವತಿ_ದಂಡೆ:
ಹಾಗಾದ್ರೆ ಎನ್‌ಎಫ್‌ಎಚ್‌ಎಸ್‌ನ ಸಂಪತ್ತು ಸೂಚ್ಯಂಕ? ಕೆಳಗಿನ ಎರಡು ಐದನೇ ಭಾಗದಲ್ಲಿರೋ ಮಕ್ಕಳನ್ನ ಬಡವರು ಅಂದ್ರೆ?

ಅಂಕಿ_ಅರಸೀಕೆರೆ:
ಬೇಡ. ಅದು ರ‍್ಯಾಂಕ್ ಪಟ್ಟಿ. ಇಡೀ ದೇಶದ ಮನೆಗಳನ್ನ ಸಾಲಾಗಿ ನಿಲ್ಲಿಸಿ ಐದು ಭಾಗ ಮಾಡ್ತಾರೆ. ಎಲ್ಲರೂ ಸುಧಾರಿಸಿದ್ರೂ ಕೆಳಗಿನ 20% ಯಾವತ್ತೂ 20%ಯೇ. ಯಾವ ಗುಂಪಿನ ಮಕ್ಕಳಲ್ಲಿ ಕುಂಠಿತ ಹೆಚ್ಚು ಅಂತ ಹೋಲಿಸೋಕೆ ಚೆನ್ನ, ಎಷ್ಟು ಮಕ್ಕಳು ಬಡವರು ಅನ್ನೋಕೆ ಅಲ್ಲ.

ಸೂಜಿಮಲ್ಲಿಗೆ:
ಮನೆ ಬಿಟ್ಟು ಮಗುವನ್ನೇ ಅಳತೆಯ ಘಟಕ ಮಾಡೋ ದಾರಿ ಇದೆಯಲ್ಲ. ಯುನಿಸೆಫ್‌ನ ಮೋಡಾ ವಿಧಾನ. ಪ್ರತಿ ಮಗುವಿಗೂ ಅದರ ವಯಸ್ಸಿಗೆ ಹೊಂದೋ ಆಯಾಮಗಳು, ಒಂದರ ಮೇಲೊಂದು ಬೀಳೋ ಕೊರತೆಗಳ ಎಣಿಕೆ. ಐದರೊಳಗಿನವರಿಗೆ ಸಾಮಾನ್ಯವಾಗಿ ಪೌಷ್ಟಿಕತೆ, ಆರೋಗ್ಯ, ನೀರು, ಶೌಚ, ವಸತಿ. ಎಷ್ಟು ಮಕ್ಕಳಿಗೆ ಸೊನ್ನೆ, ಒಂದು, ಎರಡು, ಮೂರು ಕೊರತೆ ಅಂತ ಪೂರ್ತಿ ಹಂಚಿಕೆ ಕೊಡಿ. "ಎರಡು ಅಥವಾ ಹೆಚ್ಚು" ಅನ್ನೋ ಗೆರೆ ಆಮೇಲೆ ಎಳೀರಿ.

ಆದ್ರೆ "0–5 ವರ್ಷ" ಅನ್ನೋದು ಒಂದು ವಯಸ್ಸಲ್ಲ, ನಾಲ್ಕು ವಯಸ್ಸು. ಕೆಲಸ ಶುರು ಮಾಡಿದ ಮೇಲೆ ಎಲ್ಲರೂ ಇಲ್ಲೇ ಎಡವೋದು:

0–5 ತಿಂಗಳು: ಆಹಾರದ ಸೂಚಕ ಅಂದ್ರೆ ಬರೀ ಎದೆಹಾಲು ಒಂದೇ. ನೀರು, ಸಕ್ಕರೆ ನೀರು, ಹಸುವಿನ ಹಾಲು ಕೊಟ್ಟಿದ್ರೆ ಕೊರತೆ.
6–23 ತಿಂಗಳು: ಎಷ್ಟು ಬಗೆಯ ಆಹಾರ, ದಿನಕ್ಕೆ ಎಷ್ಟು ಸಲ. ಬರೀ ರಾಗಿ ಸರಿ ಮೂರು ಹೊತ್ತು ಕೊಟ್ರೂ ಬಗೆ ಸಾಲಲ್ಲ.
12–23 ತಿಂಗಳು: ಲಸಿಕೆ. ಇದಕ್ಕಿಂತ ಚಿಕ್ಕ ಮಗುವಿಗೆ "ಪೂರ್ಣ ಲಸಿಕೆ ಇಲ್ಲ" ಅನ್ನೋದು ಅನ್ಯಾಯ, ಅದಕ್ಕೆ ಇನ್ನೂ ಸಮಯ ಇದೆ.
24–59 ತಿಂಗಳು: ಏನು ತಿಂತು ಅನ್ನೋದರ ಸೂಚಕ ಎನ್‌ಎಫ್‌ಎಚ್‌ಎಸ್ ಜಿಲ್ಲಾ ಪಟ್ಟಿಯಲ್ಲಿಲ್ಲ. ಉಳಿಯೋದು ಎತ್ತರ, ತೂಕ, ರಕ್ತಹೀನತೆ ಮಾತ್ರ.

ಪ್ರತಿ ತುಂಡಿಗೂ ಬೇರೆ ಸೂಚಕ ಹಾಕಿ, "ಪೌಷ್ಟಿಕತೆಯಲ್ಲಿ ಕೊರತೆ ಇದೆ / ಇಲ್ಲ" ಅಂತ ಒಂದೇ ಕಾಲಂಗೆ ತರಬೇಕು. ಹಾಗೆ ಮಾಡದೇ ಎಲ್ಲರಿಗೂ ಎಲ್ಲ ಸೂಚಕ ಹಾಕಿದ್ರೆ ಖಾಲಿ ಖಾನೆಗಳೆಲ್ಲ "ಕೊರತೆ ಇಲ್ಲ" ಅಂತ ಕೂತುಬಿಡುತ್ತೆ.

ಬೇಲೂರು_ಬಸ್‌ಸ್ಟ್ಯಾಂಡ್:
ಮೂರು ಹೊತ್ತು ಮುದ್ದೆ ತಿಂದೇ ನಾವೆಲ್ಲ ಬೆಳೆದಿದ್ದು ರೀ.

ತಕ್ಕಡಿ:
ಒಂದು ವರ್ಷದ ಮಗುವಿಗೆ ಮುದ್ದೆ ಜೊತೆ ಬೇಳೆ, ಸೊಪ್ಪು, ಮೊಟ್ಟೆ, ಹಾಲು ಬೇಕು. ಹೊಟ್ಟೆ ತುಂಬೋದೇ ಬೇರೆ, ಬೆಳೆಯೋದೇ ಬೇರೆ.

ರೋಬಸ್ಟಾ:
ಮೊಟ್ಟೆ ಅಂದ್ರಲ್ಲ, ಈಗ ಶುರುವಾಗುತ್ತೆ ನೋಡಿ ಅಂಗನವಾಡಿ ಮೊಟ್ಟೆ ಜಗಳ.

ಕಡೂರು_ಕೊಬ್ಬರಿ:
ಮೊಟ್ಟೆ ತಿನ್ನೋರಿಗೆ ಮೊಟ್ಟೆ ಕೊಡ್ಲಿ, ತಿನ್ನದವರಿಗೆ ಹಾಲೋ ಬಾಳೆಹಣ್ಣೋ ಕೊಡ್ಲಿ, ಮುಗೀತು. ಬಾಳೆಹಣ್ಣು ಮೊಟ್ಟೆಗೆ ಸಮ ಅಂತ ಮಾತ್ರ ಹೇಳಬೇಡಿ, ಪ್ರೋಟೀನ್ ಲೆಕ್ಕದಲ್ಲಿ ಹತ್ತಿರಕ್ಕೂ ಬರಲ್ಲ. ವಿಷಯಕ್ಕೆ ಬನ್ನಿ. ಜಿಲ್ಲಾವಾರು ಅಂದ್ರಿ, ಚಿಕ್ಕಮಗಳೂರು ಅಂದ್ರೆ ಎಲ್ಲರಿಗೂ ಬೆಟ್ಟ, ಕಾಫಿ. ಕಡೂರು, ಅಜ್ಜಂಪುರ, ತರೀಕೆರೆಯ ಬಯಲು ಭಾಗ ಯಾರ ಕಣ್ಣಿಗೂ ಬೀಳಲ್ಲ. ಹಾಸನದಲ್ಲೂ ಹಾಗೇ, ಅರಸೀಕೆರೆಗೂ ಸಕಲೇಶಪುರಕ್ಕೂ ಏನು ಸಂಬಂಧ? ಜಿಲ್ಲೆಯ ಸರಾಸರಿ ಕೊಟ್ರೆ ಎರಡೂ ಕಡೆಗೆ ಸುಳ್ಳು. ತಾಲ್ಲೂಕುವಾರು ಕೊಡಿ.

ಅಂಕಿ_ಅರಸೀಕೆರೆ:
ಕೊಡೋಕೆ ಆಗಲ್ಲ ಅಣ್ಣ. ಎನ್‌ಎಫ್‌ಎಚ್‌ಎಸ್ ಒಂದು ಜಿಲ್ಲೆಗೆ ಸುಮಾರು 900 ಮನೆ ತಗೊಳ್ಳುತ್ತೆ. ಮನೆಗೆ 4 ಜನ ಅಂದ್ರೆ 3,600 ಜನ. ವರ್ಷಕ್ಕೆ ಸಾವಿರಕ್ಕೆ 16 ಹೆರಿಗೆ ಅಂತಿಟ್ಕೊಂಡ್ರೆ 58 ಕೂಸು. ಐದು ವರ್ಷಕ್ಕೆ 290ರ ಒಳಗೆ. 6–23 ತಿಂಗಳಿನವು 85ರ ಆಸುಪಾಸು. ಲಸಿಕೆ ವಯಸ್ಸಿನವು 58. ಇದನ್ನ ಒಂಬತ್ತು ತಾಲ್ಲೂಕಿಗೆ ಹಂಚಿದ್ರೆ ತಾಲ್ಲೂಕಿಗೆ ಆರೋ ಏಳೋ. ಆ ಸಮೀಕ್ಷೆಯ ಜಿಲ್ಲಾ ಪಟ್ಟಿಯಲ್ಲೇ 25ಕ್ಕಿಂತ ಕಡಿಮೆ ಮಕ್ಕಳಿದ್ರೆ ಅಂಕಿ ಕೊಡದೆ ನಕ್ಷತ್ರ ಹಾಕ್ತಾರೆ, 25ರಿಂದ 49 ಇದ್ರೆ ಕಂಸದೊಳಗೆ ಇಡ್ತಾರೆ. ಆ ಕಂಸ ಕಿತ್ತು ಬರೆಯೋ ಚಾಳಿ ನಮ್ಮಲ್ಲಿ ಬಹಳ.

ಜಿಲ್ಲೆಯ ಮಟ್ಟದಲ್ಲೂ ಸಲೀಸಲ್ಲ. 280 ಮಕ್ಕಳಲ್ಲಿ 35% ಕುಂಠಿತ ಅಂತ ಬಂದ್ರೆ, ಒಂದೇ ಊರಿನ ಮನೆಗಳು ಒಂದೇ ತರ ಇರೋದಕ್ಕೆ ದೋಷವನ್ನ ಒಂದೂವರೆ ಪಟ್ಟು ಹಿಡಿದ್ರೆ, ಪ್ರಮಾಣಿತ ದೋಷ (ಸ್ಯಾಂಪಲ್‌ನಿಂದ ಬರೋ ಏರುಪೇರು) 3.5 ಶೇಕಡಾ ಅಂಶ. ಅದರ ಎರಡು ಪಟ್ಟು ಆಚೀಚೆ ಹಿಡಿದ್ರೆ ನಿಜವಾದ ಸಂಖ್ಯೆ 28ರಿಂದ 42ರೊಳಗೆ ಎಲ್ಲಾದರೂ ಇರಬಹುದು. ಹಾಸನ, ಚಿಕ್ಕಮಗಳೂರು ಹೋಲಿಸುವಾಗ ಎರಡರ ದೋಷವೂ ಸೇರಿ ಅಂತರ ಸುಮಾರು 10 ಅಂಶ ದಾಟಿದ್ರೆ ಮಾತ್ರ "ಇಲ್ಲಿ ಹೆಚ್ಚು, ಅಲ್ಲಿ ಕಡಿಮೆ" ಅನ್ನಬಹುದು.

ಸಿಆರ್‌ಪಟ್ಣ_ತೆಂಗು:
ಒಂದೂವರೆ ಪಟ್ಟು ಹಿಡಿದಿದ್ದು ದೋಷದ ವರ್ಗವನ್ನ, ದೋಷವನ್ನಲ್ಲ. ಸರಳ ಲೆಕ್ಕದಲ್ಲಿ 2.85, ಅದನ್ನ 1.5ರ ವರ್ಗಮೂಲದಿಂದ ಗುಣಿಸಿದ್ರೇನೇ 3.5 ಬರೋದು. ನೇರ ಗುಣಿಸಿದ್ರೆ 4.3. ಓದಿದವರು ತಪ್ಪು ಮಾಡ್ತಾರೆ.

ಕಡೂರು_ಕೊಬ್ಬರಿ:
ಹಾಗಾದ್ರೆ 2002ರ ನಂಜುಂಡಪ್ಪ ಸಮಿತಿ 175 ತಾಲ್ಲೂಕಿಗೂ ಸೂಚ್ಯಂಕ ಕೊಟ್ಟಿದ್ದು ಹೆಂಗೆ?

ಅಂಕಿ_ಅರಸೀಕೆರೆ:
ಅದು ಸಮೀಕ್ಷೆ ಅಲ್ಲ. ಕೃಷಿ, ರಸ್ತೆ, ಬ್ಯಾಂಕು, ಆಸ್ಪತ್ರೆ ಹಾಸಿಗೆ ಇಂಥ 35 ಸೂಚಕಗಳನ್ನ ಇಲಾಖೆ ದಾಖಲೆ, ಜನಗಣತಿಯಿಂದ ತಗೊಂಡದ್ದು. ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ಹೇಳುತ್ತೆ. ತಾಲ್ಲೂಕಿನ ಎರಡು ವರ್ಷದ ಮಗುವಿನ ಬಗ್ಗೆ ಏನೂ ಹೇಳಲ್ಲ.

ಚಿಕ್ಕ ಪ್ರದೇಶದ ಅಂದಾಜಿಗೆ ಇನ್ನೊಂದು ದಾರಿ ಇದೆ. ಸಮೀಕ್ಷೆಯಲ್ಲಿ ಮನೆಯ ಗೋಡೆ, ಇಂಧನ, ತಾಯಿಯ ಓದು ಇವುಗಳಿಂದ ಕೊರತೆಯನ್ನ ಅಂದಾಜು ಮಾಡೋ ಸೂತ್ರ ಕಟ್ಟಿ, ಅದನ್ನ ಜನಗಣತಿಯ ಎಲ್ಲ ಮನೆಗೂ ಹಾಕೋದು. ಸೂತ್ರ ಚೆನ್ನಾಗಿದೆ, ಆದ್ರೆ ಜನಗಣತಿ 2011ರದ್ದು. ಆಗ ಗ್ಯಾಸ್ ಇಲ್ಲದ ಮನೆಗಳಿಗೆಲ್ಲ ಆಮೇಲೆ ಸಿಲಿಂಡರ್ ಬಂತು. ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ಅದರ ಅಂಕಿ ಕೈಗೆ ಬರೋವರೆಗೂ ತಾಲ್ಲೂಕು ನಕ್ಷೆ ಬಣ್ಣ ಹಚ್ಚೋದು ಬೇಡ.

ಹೇಮಾವತಿ_ದಂಡೆ:
ಅಂಗನವಾಡಿಯವರು ತುಂಬೋ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಅಂಗನವಾಡಿವಾರು ಎತ್ತರ, ತೂಕ ಇದೆಯಲ್ಲ? ಅಲ್ಲಿ ಸ್ಯಾಂಪಲ್ ಸಮಸ್ಯೆಯೇ ಇಲ್ಲ, ಎಲ್ಲ ಮಕ್ಕಳೂ ಇರ್ತಾರೆ.

ತಕ್ಕಡಿ:
ಎಲ್ಲ ಮಕ್ಕಳೂ ಇರಲ್ಲ. ಅಂಗನವಾಡಿಯಲ್ಲಿ ದಾಖಲಾದವರು ಮಾತ್ರ. ಪೇಟೆಯ ಖಾಸಗಿ ನರ್ಸರಿಗೆ ಹೋಗೋರು ಇಲ್ಲ. ಇನ್ನೊಂದು ತುದಿಯಲ್ಲಿ, ತೋಟದ ಒಳಗಿನ ಲೈನ್‌ಗಳಲ್ಲಿ ಹಂಗಾಮಿಗೆ ಬಂದವರ ಮಕ್ಕಳೂ ಇಲ್ಲ. ಎರಡೂ ತುದಿ ಕತ್ತರಿಸಿ ಹೋಗಿರೋದ್ರಿಂದ ಸರಾಸರಿ ಎತ್ತ ವಾಲಿದೆ ಅಂತ ಹೊರಗಿಂದ ಹೇಳೋಕೂ ಬರಲ್ಲ.

ಅಳತೆಯ ಗುಣಮಟ್ಟ ನೋಡದೇ ಒಂದು ಸಂಖ್ಯೆಯನ್ನೂ ತಗೋಬೇಡಿ. ವಯಸ್ಸಿನಿಂದ ಶುರು ಮಾಡಿ. ಡಬ್ಲ್ಯುಎಚ್‌ಒ 2006ರ ಮಾನದಂಡದಲ್ಲಿ ಗಂಡು ಮಗುವಿಗೆ 12 ತಿಂಗಳಿಗೆ ಕುಂಠಿತದ ಗೆರೆ 71.0 ಸೆಂ.ಮೀ., 11 ತಿಂಗಳಿಗೆ 69.9. ಮಗು 70.5 ಇದೆ ಅಂದ್ಕೊಳ್ಳಿ. 12 ತಿಂಗಳು ಅಂತ ಬರೆದ್ರೆ ಕುಂಠಿತ, 11 ಅಂತ ಬರೆದ್ರೆ ಅಲ್ಲ. ಹುಟ್ಟಿದ ದಿನಾಂಕ ತಾಯಿ ಕಾರ್ಡಿನಿಂದಲೇ ತಗೊಳ್ಳಿ. ಆಧಾರ್‌ನಲ್ಲಿ ಜನವರಿ 1 ಅಂತಿದ್ರೆ ಅನುಮಾನಿಸಿ, ವರ್ಷ ಮಾತ್ರ ಹೇಳಿದವರಿಗೆ ಆ ದಿನಾಂಕ ಬಿದ್ದಿರುತ್ತೆ. ಯಾವ ಕಾಗದವೂ ಇಲ್ಲದಿದ್ರೆ ಹಬ್ಬ ಹಿಡಿದು ಕೇಳಿ: ಗೌರಿ ಹಬ್ಬಕ್ಕೆ ಮುಂಚೆಯೋ ಆಮೇಲೋ, ಹಾಸನಾಂಬೆ ಬಾಗಿಲು ತೆಗೆದಾಗ ಹೊಟ್ಟೇಲಿತ್ತೋ ಕೈಲಿತ್ತೋ. ಅಸ್ಸಾಂ ಕಡೆಯವರಿಗೆ ಬಿಹು ಅಂತ ಕೇಳಬೇಕು, ಹಾಸನಾಂಬೆ ಅಂದ್ರೆ ಅವರಿಗೇನು ಗೊತ್ತು.

ಎತ್ತರ: ಎರಡು ವರ್ಷದೊಳಗೆ ಮಲಗಿಸಿ, ಮೇಲೆ ನಿಲ್ಲಿಸಿ. ಎರಡರೊಳಗಿನ ಮಗುವನ್ನ ನಿಲ್ಲಿಸಿ ಅಳೆದಿದ್ರೆ 0.7 ಸೆಂ.ಮೀ. ಕೂಡಿಸಬೇಕು, ದೊಡ್ಡದನ್ನ ಮಲಗಿಸಿ ಅಳೆದಿದ್ರೆ 0.7 ಕಳೀಬೇಕು. ಯಾವ ಭಂಗಿ ಅಂತ ಬರೆಯೋ ಕಾಲಂ ಇಲ್ಲದ ರಿಜಿಸ್ಟರ್‌ನಿಂದ ಇದನ್ನ ಸರಿಪಡಿಸೋಕೆ ದಾರಿಯೇ ಇಲ್ಲ. ಇಬ್ಬರು ಇರಲೇಬೇಕು. ತಲೆ ಹಲಗೆಗೆ ತಾಗಿಸಿ ಒಬ್ಬರು ಹಿಡಿಯೋದು, ಮಂಡಿ ಒತ್ತಿ ಪಾದದ ಹಲಗೆ ಸರಿಸೋದು ಇನ್ನೊಬ್ಬರು. ಟೀಚರ್ ಒಬ್ಬರೇ ಇದ್ದು ಸಹಾಯಕಿ ಒಲೆ ಮುಂದೆ ಇದ್ರೆ ಮಂಡಿ ಮಡಚಿಕೊಂಡೇ ಇರುತ್ತೆ, ಮಗು ಒಂದೆರಡು ಸೆಂ.ಮೀ. ಗಿಡ್ಡ ಆಗುತ್ತೆ. ಕೂದಲ ಕ್ಲಿಪ್ಪು, ಜುಟ್ಟು ಬಿಚ್ಚಿಸಿ. ಎರಡು ಸಲ ಅಳೆದು ವ್ಯತ್ಯಾಸ 0.7 ದಾಟಿದ್ರೆ ಮತ್ತೆ ಅಳೀರಿ.

ತೂಕ: ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವೆಟರ್, ಟೋಪಿ, ಕಾಲುಚೀಲ ಹಾಕಿಯೇ ತೂಗ್ತಾರೆ. ಅದೇ ಕಾಲು ಕೆಜಿ. ಒಂಬತ್ತು ಕೆಜಿ ಮಗುವಿಗೆ ಕಾಲು ಕೆಜಿ ಅಂದ್ರೆ ಗೆರೆ ದಾಟಿಸೋಕೆ ಸಾಕು. ಹಾಗಾಗಿ ಮಳೆಗಾಲದಲ್ಲಿ ಮಕ್ಕಳು ದಪ್ಪಗಾಗಿ ಬೇಸಿಗೇಲಿ ಬಡಕಲಾಗ್ತಾರೆ ಅಂತ ಗ್ರಾಫ್ ಬಂದ್ರೆ ಮೊದಲು ಸ್ವೆಟರ್ ನೆನಪಿಸ್ಕೊಳ್ಳಿ.

ರೋಬಸ್ಟಾ:
ಸ್ವೆಟರ್ ತೆಗ್ಸಿದ್ರೆ ಅಜ್ಜಿಯರು ಬಿಡ್ಬೇಕಲ್ಲ ಮಾರಾಯ್ರೆ. ಕಳಸದ ಮಳೇಲಿ ಮಗು ಬಟ್ಟೆ ಬಿಚ್ಚಿ ಅಂದ್ರೆ ಹೊಡೆದೇ ಕಳಿಸ್ತಾರೆ.

ತಕ್ಕಡಿ:
ಅದೇ ಅಳತೆಯ ಸ್ವೆಟರ್ ಒಂದನ್ನ ಬೇರೆ ತೂಗಿ ಕಳೆಯಿರಿ, ಅಜ್ಜಿಯೂ ಒಪ್ತಾರೆ.

ದತ್ತಾಂಶ ಕೈಗೆ ಬಂದ ಮೇಲೆ ಮೂರು ಪರೀಕ್ಷೆ ಮಾಡಿ. ಎತ್ತರದ ಕೊನೆಯ ಅಂಕಿ 0 ಮತ್ತು 5 ಎಷ್ಟು ಸಲ ಬಂದಿದೆ ನೋಡಿ, ಸರಿಯಾಗಿ ಅಳೆದಿದ್ರೆ ಎರಡೂ ಸೇರಿ 20% ಹತ್ತಿರ ಇರಬೇಕು. ಅರ್ಧಕ್ಕಿಂತ ಹೆಚ್ಚಿದ್ರೆ ಕಣ್ಣಂದಾಜು. ಎರಡನೇದು, ಸತತ ತಿಂಗಳುಗಳಲ್ಲಿ ಅದೇ ಎತ್ತರ, ಅದೇ ತೂಕ ಇದ್ರೆ ಹಿಂದಿನ ತಿಂಗಳದ್ದು ನಕಲು. ಮೂರನೇದು, ಎತ್ತರದ ಝಡ್ ಅಂಕಗಳ (ಮಾನದಂಡದ ನಡುವಿನಿಂದ ಮಗು ಎಷ್ಟು ದೂರ ಅನ್ನೋ ಅಂಕ) ಹರವು. ಪ್ರಮಾಣಿತ ವಿಚಲನ 1ರ ಆಸುಪಾಸು ಇರಬೇಕು, 1.5 ದಾಟಿದ್ರೆ ಅಳತೆ ಕೆಟ್ಟಿದೆ. ಅಡ್ಡಾದಿಡ್ಡಿ ತಪ್ಪು ಮೇಲೂ ಕೆಳಗೂ ಸಮ ಆಗಿ ವಜಾ ಆಗುತ್ತೆ ಅಂತ ಬಹಳ ಜನ ತಿಳ್ಕೊಂಡಿದಾರೆ. ಸರಾಸರಿಗೆ ಅದು ನಿಜ. ಗೆರೆಯ ಕೆಳಗೆ ಎಷ್ಟು ಮಕ್ಕಳು ಅನ್ನೋ ಲೆಕ್ಕಕ್ಕೆ ನಿಜ ಅಲ್ಲ. ಹರವು ಹೆಚ್ಚಾದಷ್ಟೂ ಬಾಲ ಉದ್ದವಾಗಿ ಕುಂಠಿತದ ಪ್ರಮಾಣ ಸುಳ್ಳಾಗಿ ಏರುತ್ತೆ.

ಬೇಲೂರು_ಬಸ್‌ಸ್ಟ್ಯಾಂಡ್:
ಟೀಚರಮ್ಮ ಅಳತೆ ಮಾಡ್ಬೇಕಾ, ಮುಖ ಗುರುತಿಸೋ ಆ್ಯಪ್ ಜೊತೆ ಗುದ್ದಾಡ್ಬೇಕಾ, ಅಡುಗೆ ನೋಡ್ಬೇಕಾ, ಚುನಾವಣೆ ಪಟ್ಟಿ ಹಿಡ್ಕೊಂಡು ಮನೆಮನೆ ಸುತ್ತಬೇಕಾ?

ಸೂಜಿಮಲ್ಲಿಗೆ:
ಇದು ತಮಾಷೆ ಅಲ್ಲ. 2025ರ ಜುಲೈನಿಂದ ಮನೆಗೆ ಒಯ್ಯೋ ಆಹಾರಕ್ಕೆ ಮುಖ ಗುರುತು ಕಡ್ಡಾಯ. ನೆಟ್‌ವರ್ಕ್ ಸಿಗದ ಕಡೆ ಆಹಾರ ಕೊಟ್ರೂ ದಾಖಲಾಗಲ್ಲ. ದಾಖಲೆಯಲ್ಲಿ ಕೊರತೆ ಕಂಡ್ರೆ ಅದು ಮಗುವಿನ ಕೊರತೆಯೋ ಸಿಗ್ನಲ್ ಕೊರತೆಯೋ ಅಂತ ಬೆಂಗಳೂರಲ್ಲಿ ಕೂತವರಿಗೆ ತಿಳಿಯಲ್ಲ.

ರೋಬಸ್ಟಾ:
ಲೈನ್ ಮಕ್ಕಳ ಬಗ್ಗೆ ಹೇಳ್ತೇನೆ. ಅರೇಬಿಕಾ ಕೊಯ್ಲು ನವೆಂಬರಿಂದ, ರೋಬಸ್ಟಾ ಜನವರಿಯಿಂದ. ಆಗ ಉತ್ತರ ಕರ್ನಾಟಕ, ಅಸ್ಸಾಂ, ಜಾರ್ಖಂಡಿಂದ ಸಂಸಾರ ಸಮೇತ ಬರ್ತಾರೆ, ಕೊಯ್ಲು ಮುಗಿದ ಮೇಲೆ ಹೋಗ್ತಾರೆ. ಎನ್‌ಎಫ್‌ಎಚ್‌ಎಸ್-5 ಕರ್ನಾಟಕದಲ್ಲಿ ನಡೆದದ್ದು 2019ರ ಜುಲೈನಿಂದ ಡಿಸೆಂಬರ್‌ವರೆಗೆ. ಅಂದ್ರೆ ಹೆಚ್ಚಿನ ಭಾಗ ಮಳೆಗಾಲ, ಕೊಯ್ಲಿನ ಜನ ಬರೋಕೆ ಮುಂಚೆ. ಆ ಆಗಸ್ಟಲ್ಲಂತೂ ಮೂಡಿಗೆರೆ ಕಡೆ ಗುಡ್ಡ ಜರಿದು ರಸ್ತೆಯೇ ಇರ್ಲಿಲ್ಲ.

ಊರಿನ ಪಟ್ಟಿ ಬೇರೆ 2011ರ ಜನಗಣತಿಯದ್ದು. ಆಯ್ಕೆಯಾದ ಊರಿನ ಮನೆ ಪಟ್ಟಿ ಹೊಸದಾಗಿ ಮಾಡ್ತಾರೆ ನಿಜ, ಆದ್ರೆ ಗೇಟಿನ ಒಳಗೆ ಎರಡು ಕಿಲೋಮೀಟರ್ ದೂರದ ಲೈನ್‌ಗೆ ಪಟ್ಟಿ ಮಾಡೋರು ಹೋಗದಿದ್ರೆ ಅದು ತಪ್ಪೇಹೋಗುತ್ತೆ. 1951ರ ತೋಟ ಕಾರ್ಮಿಕರ ಕಾಯ್ದೆ 50 ಹೆಣ್ಣಾಳು ಇದ್ದ ತೋಟಕ್ಕೆ ಶಿಶುಪಾಲನಾ ಕೊಠಡಿ ಕಡ್ಡಾಯ ಮಾಡಿತ್ತು. ಸಣ್ಣ ಹಿಡುವಳಿಗಳು ಅದರ ಹೊರಗೇ ಉಳಿದವು. ಅಲ್ಲಿ ಮಗು ಗಿಡದ ಬುಡದಲ್ಲಿ ಗೋಣಿಚೀಲದ ಮೇಲೆ.

ಸಿಆರ್‌ಪಟ್ಣ_ತೆಂಗು:
ಈಗ ಹಗಲಲ್ಲಿ ಮಕ್ಕಳನ್ನ ನೋಡಿಕೊಳ್ಳೋ ಪಂಚಾಯ್ತಿಗಳ ಕೂಸಿನ ಮನೆ ಇದೆಯಲ್ಲ?

ರೋಬಸ್ಟಾ:
ಅದು ನರೇಗಾ ಕೂಲಿ ತಾಯಂದಿರನ್ನ ನೋಡಿ ಮಾಡಿದ್ದು, ಪಂಚಾಯ್ತಿ ಕೇಂದ್ರದಲ್ಲಿರುತ್ತೆ. ಬೆಳಿಗ್ಗೆ ಎಂಟಕ್ಕೆ ತೋಟದ ಜೀಪು ಹತ್ತೋಳು ಮಗುವನ್ನ ಅಲ್ಲಿ ಬಿಟ್ಟು ಬರೋಕಾಗುತ್ತಾ?

ಕಡೂರು_ಕೊಬ್ಬರಿ:
ಕಾಫಿ ರೇಟು ಈ ಪಾಟಿ ಏರಿತಲ್ಲ, ಕೂಲಿಯವರಿಗೆ ಏನೂ ಇಳೀಲಿಲ್ವಾ?

ರೋಬಸ್ಟಾ:
ಆ ಪ್ರಶ್ನೆಗೆ ಬೇರೆ ಚರ್ಚೆ ಬೇಕು, ಇಲ್ಲಿ ಶುರು ಮಾಡಿದ್ರೆ ರಾತ್ರಿ ಆಗುತ್ತೆ.

ಹೇಮಾವತಿ_ದಂಡೆ:
ಗೃಹಲಕ್ಷ್ಮಿ, ಅನ್ನಭಾಗ್ಯದಿಂದ ಮಕ್ಕಳ ಬಡತನ ಇಳೀತಾ ಅಂತ ಟಿಪ್ಪಣಿಯಲ್ಲಿ ಒಂದು ಪ್ಯಾರಾ ಕೇಳಿದಾರೆ. ಅದಕ್ಕೇನು ಮಾಡೋದು?

ಅಂಕಿ_ಅರಸೀಕೆರೆ:
ತಾರೀಖು ನೋಡಿ. ಗೃಹಲಕ್ಷ್ಮಿಯ 2,000 ಶುರುವಾಗಿದ್ದು 2023ರ ಆಗಸ್ಟ್ ಕೊನೆಗೆ. ಎನ್‌ಎಫ್‌ಎಚ್‌ಎಸ್-5 ಅದಕ್ಕೆ ನಾಲ್ಕು ವರ್ಷ ಮುಂಚೆ. 2022-23ರ ವೆಚ್ಚ ಸಮೀಕ್ಷೆ ಮುಗಿದಿದ್ದು 2023ರ ಜುಲೈಗೆ. ಎರಡಕ್ಕೂ ಆ ದುಡ್ಡು ಗೊತ್ತೇ ಇಲ್ಲ. 2023-24ರ ಸಮೀಕ್ಷೆ ಮಾತ್ರ ಆ ಅವಧಿಗೆ ಬೀಳುತ್ತೆ, ಅಲ್ಲೂ ದುಡ್ಡು ಖರ್ಚಾಗಿ ಕಂಡ್ರೆ ಮಾತ್ರ ಲೆಕ್ಕಕ್ಕೆ.

ಅನ್ನಭಾಗ್ಯ ಇನ್ನೂ ಮಜಾ. ಉಚಿತ ಅಕ್ಕಿಗೆ ಬೆಲೆ ಕಟ್ಟಿದ ಸಂಖ್ಯೆ, ಕಟ್ಟದ ಸಂಖ್ಯೆ ಅಂತ ಆ ಸಮೀಕ್ಷೆ ಎರಡು ಕೊಡುತ್ತೆ. 2023ರ ಜುಲೈಯಲ್ಲಿ ಹೆಚ್ಚುವರಿ ಐದು ಕೆಜಿ ಬದಲು ತಲೆಗೆ 170 ರೂಪಾಯಿ ಕೊಡೋಕೆ ಶುರುವಾಯ್ತು. ಅಕ್ಕಿಯಾಗಿ ಕೊಟ್ಟಿದ್ರೆ ಬೆಲೆ ಕಟ್ಟಿದ ಸಂಖ್ಯೆಯಲ್ಲಿ ಮಾತ್ರ ಕಾಣುತ್ತೆ, ದುಡ್ಡಾಗಿ ಕೊಟ್ರೆ ಎರಡರಲ್ಲೂ. ಎರಡು ವರ್ಷ ಹೋಲಿಸುವಾಗ ಯಾವ ಸಂಖ್ಯೆ ಅಂತ ನೋಡಿಕೊಳ್ಳಿ.

ಸೂಜಿಮಲ್ಲಿಗೆ:
ಅಮೆರಿಕದಲ್ಲಿ ಇದೇ ಪಾಠ ದೊಡ್ಡದಾಗಿ ಆಯ್ತು. ಅವರ ಅಧಿಕೃತ ಬಡತನ ರೇಖೆ 1960ರ ದಶಕದ್ದು, ಕನಿಷ್ಠ ಊಟದ ಖರ್ಚಿನ ಮೂರು ಪಟ್ಟು ಅನ್ನೋ ಲೆಕ್ಕದಿಂದ ಹುಟ್ಟಿದ್ದು, ತೆರಿಗೆ ರಿಯಾಯ್ತಿಯನ್ನ ಎಣಿಸಲ್ಲ. ಪೂರಕ ಅಳತೆ ಎಣಿಸುತ್ತೆ. ಮಕ್ಕಳಿಗೆ ಕೊಡ್ತಿದ್ದ ಹೆಚ್ಚುವರಿ ನೆರವು ನಿಂತ ಮೇಲೆ ಪೂರಕ ಅಳತೆಯಲ್ಲಿ ಮಕ್ಕಳ ಬಡತನ 2021ರ 5.2%ಯಿಂದ 2022ರಲ್ಲಿ 12.4%ಗೆ ಹಾರಿತು. ರಾಜ್ಯವಾರು ಲೆಕ್ಕಕ್ಕೆ ಅವರೂ ಸಣ್ಣ ಸ್ಯಾಂಪಲ್‌ನಿಂದ ಒದ್ದಾಡಿ ಮೂರು ವರ್ಷದ ಸರಾಸರಿ ತಗೊಳ್ತಾರೆ.

ಹೇಮಾವತಿ_ದಂಡೆ:
ಹಾಗಾದ್ರೆ ನಾವೂ ಒಟ್ಟು ಸೇರಿಸಬಹುದಲ್ಲ? ವರ್ಷ ಅಲ್ಲ, ಜಿಲ್ಲೆ. ಹಾಸನ, ಚಿಕ್ಕಮಗಳೂರು, ಕೊಡಗು ಸೇರಿಸಿ ಕಾಫಿ ವಲಯ ಅಂತ ಒಂದು ಸಾಲು.

ಅಂಕಿ_ಅರಸೀಕೆರೆ:
ಸೇರಿಸಬಹುದು. ಮಕ್ಕಳು 800 ದಾಟ್ತಾರೆ, ದೋಷ 2 ಅಂಶದ ಆಸುಪಾಸಿಗೆ ಇಳಿಯುತ್ತೆ.

ಕಡೂರು_ಕೊಬ್ಬರಿ:
ಕಾಫಿ ವಲಯ ಅಂತ ಹೆಸರಿಟ್ಟು ಅದರಲ್ಲಿ ಕಡೂರು, ಅರಸೀಕೆರೆ, ಚನ್ನರಾಯಪಟ್ಟಣನೂ ಹಾಕಿದ್ರೆ? ಮೊದಲು ಹೇಳಿದ್ದನ್ನೇ ಹೇಳಬೇಕಾಯ್ತು. ನಮ್ಮ ಕಡೆ ಕಾಫಿ ಗಿಡ ತೋರಿಸಿ ನೋಡೋಣ.

ಸಿಆರ್‌ಪಟ್ಣ_ತೆಂಗು:
ಕೊಬ್ಬರಿಯವರ ಮಾತಿಗೆ ನನ್ನ ಓಟು. ಸುಮ್ನೆ "ಮೂರು ಜಿಲ್ಲೆ" ಅಂತ ಹೆಸರಿಡಿ.

ತಕ್ಕಡಿ:
ಲೆಕ್ಕ ಹಾಕುವಾಗ ನೆನಪಿರಲಿ, ಎತ್ತರ ತೂಕವನ್ನ ಎನ್‌ಎಫ್‌ಎಚ್‌ಎಸ್ ದತ್ತಾಂಶದ ಮನೆ ಸದಸ್ಯರ ಫೈಲ್‌ನಿಂದ ತಗೊಳ್ಳಿ, ಮಕ್ಕಳ ಫೈಲ್‌ನಿಂದ ಅಲ್ಲ. ಮಕ್ಕಳ ಫೈಲ್‌ನಲ್ಲಿ ಸಂದರ್ಶನ ಕೊಟ್ಟ ತಾಯಿಯ ಮಕ್ಕಳು ಮಾತ್ರ ಇರ್ತಾರೆ. ಅಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ಅಜ್ಜಿ ಹತ್ರ ಬೆಳೆಯೋ ಮಗು ಅಲ್ಲಿ ಬರೋದೇ ಇಲ್ಲ, ತಾಯಿ ಇಲ್ಲದ ಮಗುವೂ ಬರಲ್ಲ. ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದ ಮಕ್ಕಳನ್ನ ಮಾತ್ರ ಇಟ್ಟುಕೊಳ್ಳಿ. ಝಡ್ ಅಂಕ ನೂರರಿಂದ ಗುಣಿಸಿ ಇಟ್ಟಿರ್ತಾರೆ, ಮೈನಸ್ 200 ಅಂದ್ರೆ ಮೈನಸ್ 2. 9996, 9997, 9998 ಅಂತಿರೋವು ಅಂಕ ಅಲ್ಲ, ಅಳತೆ ನಂಬೋಕಾಗಲ್ಲ ಅನ್ನೋ ಗುರುತು. ಅದನ್ನ ತೆಗೀದೇ ಸರಾಸರಿ ಹಾಕಿದ್ರೆ ಹಾಸನದ ಮಕ್ಕಳೆಲ್ಲ ತೆಂಗಿನ ಮರದಷ್ಟು ಎತ್ತರ ಆಗ್ತಾರೆ.

ಹೇಮಾವತಿ_ದಂಡೆ:
ತೂಕಾಂಕ, ಅಂದ್ರೆ ಸ್ಯಾಂಪಲ್ ಮನೆಗಳಿಗೆ ಹಾಕೋ ವೇಟ್, ಯಾವುದು?

ತಕ್ಕಡಿ:
ರಾಜ್ಯದ್ದು, ದೇಶದ್ದು ಎರಡಿದೆ. ಒಂದೇ ರಾಜ್ಯದೊಳಗಿನ ಲೆಕ್ಕಕ್ಕೆ ರಾಜ್ಯದ್ದು, ಹತ್ತು ಲಕ್ಷದಿಂದ ಭಾಗಿಸಿ. ಮೊದಲು ಇಡೀ ಕರ್ನಾಟಕಕ್ಕೆ ಓಡಿಸಿ, ಕುಂಠಿತ 35.4 ಬರುತ್ತಾ ನೋಡಿ. ಬಂದ ಮೇಲೆ ಮೂರು ಜಿಲ್ಲೆಗೆ ಇಳೀರಿ. ಬರದಿದ್ರೆ ಫೈಲೋ ಫಿಲ್ಟರೋ ತಪ್ಪಿದೆ, ಬಂದ ಸಂಖ್ಯೆ ಇಲ್ಲಿ ಹಾಕಿ, ನೋಡ್ತೀನಿ.